ಗಣಕಕ್ಕೆ ಕನ್ನಡ ಪದ ಬಿಡಿಸಲು ಕಲಿಸುವುದು

‘ಮನೆಯಲ್ಲಿದ್ದವರಿಗೂ’ ಎಂದು ಬೆರಳಚ್ಚಿಸಿದಾಗ ನನ್ನ ಗಣಕದಲ್ಲಿದ್ದ ಪದಪರೀಕ್ಷಕ ತಂತ್ರಾಂಶ ಅದರ ಕೆಳಗೆ ಕೆಂಪು ಗೆರೆ ಎಳೆಯಿತು. ಪದ ತಪ್ಪಲ್ಲ, ತಂತ್ರಾಂಶದ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೆ. ಐದನೆಯ ತರಗತಿಯ ಹುಡುಗಿ ಸಲೀಸಾಗಿ ಓದುವ ಪದ, ಕ್ಷಣದಲ್ಲಿ ಕೋಟಿಗಟ್ಟಲೆ ಲೆಕ್ಕ ಮಾಡುವ ಯಂತ್ರಕ್ಕೆ ಏಕೆ ಎಟುಕಲಿಲ್ಲ? ಗಣಕ ಭಾಷಾವಿಜ್ಞಾನವನ್ನು ಈ ಪ್ರಶ್ನೆಯಿಂದಲೇ ಆರಂಭಿಸಬಹುದು.

ಇಂಗ್ಲಿಷ್‌ನ ‘ಹೌಸ್’ ಎಂಬ ನಾಮಪದಕ್ಕೆ ಬೆರಳೆಣಿಕೆಯ ರೂಪಗಳಿವೆ. ನಮ್ಮ ‘ಮನೆ’ಯನ್ನು ತೆಗೆದುಕೊಳ್ಳಿ. ಎರಡು ವಚನ, ಏಳು ವಿಭಕ್ತಿ ಎಂದರೆ 14 ರೂಪ. ‘ಊ’, ‘ಏ’, ‘ಓ’ಗಳಲ್ಲಿ ಒಂದನ್ನು ಸೇರಿಸಬಹುದು, ಸೇರಿಸದೆಯೂ ಇರಬಹುದು, ಆಗ 56. ಇವುಗಳಲ್ಲಿ ಕೆಲವು ಬಳಕೆಯಲ್ಲಿ ಅಪರೂಪ, ನಿಜ. ಆದರೆ ಕ್ರಿಯಾಪದಗಳು ಬಂದು ಅಂಟಿಕೊಂಡರೆ ಸಂಖ್ಯೆ ಎಲ್ಲಿಗೆ ಹೋಗುವುದೋ ನೀವೇ ಊಹಿಸಿ. ಎಲ್ಲವನ್ನೂ ಪಟ್ಟಿ ಮಾಡುವುದು ಆಗದ ಕೆಲಸ. ಆದ್ದರಿಂದ ಪದವನ್ನು ಬಿಡಿಸಬೇಕು: ಮನೆ + ಅಲ್ಲಿ + ಇದ್ದ + ಅವರಿಗೆ + ಊ. ಮೊದಲ ಕೂಡುವಿಕೆಯಲ್ಲಿ ಯಕಾರಾಗಮ, ಉಳಿದ ಮೂರರಲ್ಲಿ ಲೋಪ. ಪ್ರೌಢಶಾಲೆಯಲ್ಲಿ ಕಲಿಸುವ ಸಂಧಿಪ್ರಕರಣವೇ ಇಲ್ಲಿ ಗಣಕದ ಕ್ರಮವಿಧಿಯಾಗುತ್ತದೆ.

ಕೂಡಿಸುವುದು ಸುಲಭ, ಬಿಡಿಸುವುದು ಕಷ್ಟ. ಭೌತಶಾಸ್ತ್ರದಲ್ಲಿ ಇಂಥವನ್ನು ವಿಲೋಮ ಸಮಸ್ಯೆ ಎನ್ನುತ್ತೇವೆ: ಒಂದೇ ಫಲಿತಾಂಶಕ್ಕೆ ಹಲವು ಕಾರಣಗಳಿರಬಹುದು. ಕೊನೆಯ ‘ಅಲ್ಲಿ’ಯನ್ನು ಸಪ್ತಮೀ ಪ್ರತ್ಯಯವೆಂದು ಕತ್ತರಿಸಲು ಹೇಳಿದರೆ ಗಣಕವು ‘ಊರಲ್ಲಿ’ಯನ್ನು ಸರಿಯಾಗಿ ಬಿಡಿಸುತ್ತದೆ, ಗೋಡೆಯ ಮೇಲಿನ ‘ಹಲ್ಲಿ’ಯ ಬಾಲವನ್ನೂ ಕತ್ತರಿಸುತ್ತದೆ! ನಿಘಂಟು ಒದಗಿಸಿ ಹಲ್ಲಿಯನ್ನು ಉಳಿಸಬಹುದೆನ್ನಿ. ‘ಮಲ್ಲಿಗೆ’ಯನ್ನು ಏನು ಮಾಡುವಿರಿ? ಅದು ಹೂವೂ ಹೌದು, ಮಲ್ಲಿ ಎಂಬವಳ ಚತುರ್ಥೀ ವಿಭಕ್ತಿಯೂ ಹೌದು. ‘ಮಲ್ಲಿಗೆ ಮುಡಿದಳು’, ‘ಮಲ್ಲಿಗೆ ಜ್ವರ ಬಂದಿದೆ’ ಎಂಬಲ್ಲಿ ನಮಗೆ ಗೊಂದಲವಿಲ್ಲ, ಏಕೆಂದರೆ ನಾವು ಪಕ್ಕದ ಪದವನ್ನು ನೋಡುತ್ತೇವೆ.

ಪಕ್ಕದ್ದನ್ನು ನೋಡುವ ಈ ಕ್ರಿಯೆಯನ್ನು ಗಣಿತಕ್ಕೆ ಇಳಿಸಿದವರು ರಷ್ಯದ ಆಂದ್ರೆ ಮಾರ್ಕೊವ್. 1913ರಲ್ಲಿ ಅವರು ಪುಷ್ಕಿನ್‌ನ ‘ಯೆವ್ಗೇನಿ ಒನೇಗಿನ್’ ಕಾವ್ಯದ ಮೊದಲ 20,000 ಅಕ್ಷರಗಳನ್ನು ಕೈಯಿಂದಲೇ ಎಣಿಸಿದರು. ಸ್ವರಗಳು 8,638, ವ್ಯಂಜನಗಳು 11,362. ಅಂದರೆ ಯಾವುದೇ ಅಕ್ಷರ ಸ್ವರವಾಗಿರುವ ಸಂಭವನೀಯತೆ ಸುಮಾರು ಶೇ. 43. ಆದರೆ ಹಿಂದಿನ ಅಕ್ಷರ ಸ್ವರವಾಗಿದ್ದರೆ ಇದು ಶೇ. 13ಕ್ಕೆ ಇಳಿಯುತ್ತದೆ, ವ್ಯಂಜನವಾಗಿದ್ದರೆ ಶೇ. 66ಕ್ಕೆ ಏರುತ್ತದೆ. ಕಾವ್ಯದ ಅರ್ಥ ತಿಳಿಯದಿದ್ದರೂ ನೆರೆಹೊರೆಯ ಲೆಕ್ಕದಿಂದಲೇ ಇಷ್ಟು ಹೇಳಬಹುದು! ಅಕ್ಷರದ ಬದಲು ಪದಗಳನ್ನಿಟ್ಟು ಇದೇ ಲೆಕ್ಕ ಮಾಡಿದರೆ ‘ಮಲ್ಲಿಗೆ’ಯ ಮುಂದೆ ‘ಮುಡಿದಳು’ ಬಂದಾಗ ಹೂವಿನ ಕಡೆ ತೂಕ ಹೆಚ್ಚುತ್ತದೆ. ಕ್ಲಾಡ್ ಶಾನನ್ 1948ರಲ್ಲಿ ತಮ್ಮ ಮಾಹಿತಿ ಸಿದ್ಧಾಂತವನ್ನು ಕಟ್ಟಿದಾಗಲೂ ಮಾರ್ಕೊವ್ ಸರಪಳಿಯನ್ನೇ ಬಳಸಿಕೊಂಡರು. ಇಂದಿನ ಬೃಹತ್ ಭಾಷಾಮಾದರಿಗಳು ಒಂದು ಪದದಾಚೆ, ಸಾವಿರಾರು ಪದಗಳ ಹಿಂದಕ್ಕೂ ನೋಡಬಲ್ಲವು. ಮುಂದಿನದನ್ನು ಊಹಿಸುವ ಕೆಲಸ ಮಾತ್ರ ಅದೇ.

ಈ ಮಾದರಿಗಳಲ್ಲಿ ಹೆಚ್ಚಿನವು ಪದವನ್ನು ವ್ಯಾಕರಣದಿಂದ ಬಿಡಿಸುವುದಿಲ್ಲ. ತರಬೇತಿಯ ಪಠ್ಯದಲ್ಲಿ ಪದೇ ಪದೇ ಒಟ್ಟಿಗೆ ಬರುವ ಸಂಕೇತಗಳನ್ನು ಬೆಸೆದು ತುಣುಕು ಮಾಡಿಕೊಳ್ಳುತ್ತವೆ. ಇಲ್ಲಿ ಕನ್ನಡಕ್ಕೆ ತೊಡಕಿದೆ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್‌ನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ನಮ್ಮ ‘ಕ್ಷಿ’ಗೆ ತಲಾ 3 ಬೈಟ್‌ಗಳ ನಾಲ್ಕು ಸಂಕೇತ, ಅಂದರೆ 12 ಬೈಟ್ ಬೇಕು. ತರಬೇತಿಯ ಪಠ್ಯದಲ್ಲಿ ಇಂಗ್ಲಿಷ್ ಹೇರಳವಾಗಿದ್ದರೆ ಅದರ ಪದಗಳು ಇಡಿಯಾಗಿ ಬೆಸೆಯುತ್ತವೆ, ಕನ್ನಡದ ಪದಗಳು ಚೂರುಚೂರಾಗಿ ಉಳಿಯುತ್ತವೆ. ಚೂರು ಹೆಚ್ಚಿದಂತೆ ಗಣನೆಯ ಸಮಯವೂ ವೆಚ್ಚವೂ ಹೆಚ್ಚುತ್ತವೆ. ಬೆಸುಗೆ ‘ಅಲ್ಲಿ’, ‘ಇದ್ದ’ಗಳ ಗಡಿಯಲ್ಲೇ ನಿಲ್ಲುವುದೆಂಬ ಭರವಸೆಯೂ ಇಲ್ಲ. ಸಂಧಿ ಬಲ್ಲ ವಿಶ್ಲೇಷಕಕ್ಕೆ ಇನ್ನೂ ಕೆಲಸವಿದೆ ಎಂದು ನಾನು ಹೇಳುವುದು ಇದಕ್ಕಾಗಿಯೇ.

ತರಗತಿಯಲ್ಲಿ ಗಣಕವಿಲ್ಲದೆಯೂ ಇದನ್ನು ಮಾಡಿನೋಡಬಹುದು. ಪಠ್ಯಪುಸ್ತಕದ ಎರಡು ಪುಟಗಳಲ್ಲಿ ‘ಗೆ’ಯಿಂದ ಕೊನೆಗೊಳ್ಳುವ ಪದಗಳನ್ನೆಲ್ಲ ಬರೆಸಿ. ಯಾವುವು ಚತುರ್ಥೀ ವಿಭಕ್ತಿ, ಯಾವುವು ‘ಸಂಪಿಗೆ’ಯಂಥವು, ಯಾವುವು ‘ಹೀಗೆ’ಯಂಥವು ಎಂದು ಬೇರ್ಪಡಿಸುವ ನಿಯಮವನ್ನು ಮಕ್ಕಳೇ ರಚಿಸಲಿ. ಆ ನಿಯಮವನ್ನು ಮೂರನೆಯ ಪುಟದ ಮೇಲೆ ಪ್ರಯೋಗಿಸಿ, ಎಷ್ಟು ಪದಗಳಲ್ಲಿ ತಪ್ಪಿತೆಂದು ಎಣಿಸಲು ಹೇಳಿ.