ಷರತ್ತು ತಾಯಿಗೆ ಮಾತ್ರವೇ?

ಬಡ ಕುಟುಂಬಗಳಿಗೆ ಕೊಡುವ ನಗದಿಗೆ ಷರತ್ತು ವಿಧಿಸಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ಮೆಕ್ಸಿಕೊದ ಉದಾಹರಣೆ ಮುಂದೆ ಬರುತ್ತದೆ. 1997ರಲ್ಲಿ ಅಲ್ಲಿ ಆರಂಭವಾದ ‘ಪ್ರೊಗ್ರೆಸಾ’ ಯೋಜನೆಯಲ್ಲಿ, ಮಕ್ಕಳನ್ನು ಶಾಲೆಗೆ ಕಳುಹಿಸಿ ಆರೋಗ್ಯ ತಪಾಸಣೆ ಮಾಡಿಸುವ ಕುಟುಂಬಗಳ ತಾಯಂದಿರ ಕೈಗೆ ಹಣ ಸಲ್ಲುತ್ತಿತ್ತು. 506 ಗ್ರಾಮಗಳಲ್ಲಿ ನಡೆದ ಮೌಲ್ಯಮಾಪನದಲ್ಲಿ ತೀರಾ ಬಡ ಮನೆಗಳ ಎಳೆಗೂಸುಗಳ ಎತ್ತರ ಸುಧಾರಿಸಿದ್ದು ಕಂಡುಬಂತು. ಹೆಸರು ಬದಲಿಸಿಕೊಳ್ಳುತ್ತ ಬಾಳಿದ ಆ ಯೋಜನೆ 2019ರಲ್ಲಿ ಕೊನೆಗೊಂಡಿತು. ಅದನ್ನು ಹೊಗಳುವವರು ಸಾಮಾನ್ಯವಾಗಿ ಮರೆಯುವ ಸಂಗತಿಯೆಂದರೆ, ಅಲ್ಲಿ ಹಣದ ಜೊತೆಗೆ ಪೂರಕ ಆಹಾರವನ್ನೂ ಕೊಡಲಾಗುತ್ತಿತ್ತು. ಶಾಲೆ, ಆರೋಗ್ಯ ಕೇಂದ್ರಗಳು ಕೈಗೆಟುಕುವ ಊರುಗಳನ್ನೇ ಮೊದಲು ಆರಿಸಲಾಗಿತ್ತು. ಅಂದರೆ ಷರತ್ತು ಸರ್ಕಾರದ ಮೇಲೂ ಇತ್ತು.

ನಮ್ಮಲ್ಲಿ ಆದದ್ದು ಬೇರೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಸರ್ಕಾರಿ ನೌಕರರಂತಹ ಕೆಲವರನ್ನು ಬಿಟ್ಟು ಉಳಿದೆಲ್ಲ ಗರ್ಭಿಣಿಯರಿಗೂ ಬಾಣಂತಿಯರಿಗೂ ಕನಿಷ್ಠ 6,000 ರೂಪಾಯಿಯ ನೆರವನ್ನು ಹಕ್ಕಾಗಿಸಿತು. 2017ರಲ್ಲಿ ಬಂದ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆ ಅದನ್ನು ಮೊದಲ ಮಗುವಿಗೆ ಸೀಮಿತಗೊಳಿಸಿ, 5,000 ರೂಪಾಯಿಯನ್ನು ಮೂರು ಕಂತಾಗಿಸಿತು. 2022ರ ಪರಿಷ್ಕರಣೆಯಲ್ಲಿ ಕಂತುಗಳು ಎರಡಾದವು. ಎರಡನೆಯ ಮಗು ಹೆಣ್ಣಾದರೆ 6,000 ರೂಪಾಯಿ ಎಂದಾಯಿತು. ಎರಡನೆಯದು ಗಂಡಾದರೆ, ಮೂರನೆಯದು ಯಾವುದಾದರೂ, ಏನೂ ಇಲ್ಲ. ಹುಟ್ಟಿನ ಕ್ರಮ ಏರಿದಂತೆ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಹೆಚ್ಚುತ್ತದೆಂದು ಸರ್ಕಾರದ್ದೇ ಸಮೀಕ್ಷೆಗಳು ಹೇಳುತ್ತವೆ. ಕುಟುಂಬ ಮಿತಗೊಳಿಸುವ ಪ್ರೋತ್ಸಾಹಕದ ತರ್ಕ ಅರ್ಥಶಾಸ್ತ್ರ ಓದಿದ ನನಗೆ ತಿಳಿಯದ್ದಲ್ಲ. ಆದರೆ ಇಲ್ಲಿ ದಂಡ ತೆರುವುದು ಕೂಸು.

ಇನ್ನು ಕಾಗದಪತ್ರಗಳ ಮಾತು. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುವುದು ನಮ್ಮ ಸಂಪ್ರದಾಯ. ಯೋಜನೆ ಇರುವುದು ಮುಖ್ಯವಾಗಿ ಆ ಹೆರಿಗೆಗೇ. ಗರ್ಭಿಣಿಯೆಂದು ದಾಖಲಾಗಿದ್ದು ಗಂಡನ ಊರಿನ ಅಂಗನವಾಡಿಯಲ್ಲಿ, ಹೆರಿಗೆ ತವರಿನ ತಾಲ್ಲೂಕಿನಲ್ಲಿ, ಆಧಾರ್‌ನಲ್ಲಿ ಮದುವೆಗೆ ಮುಂಚಿನ ವಿಳಾಸ, ಬ್ಯಾಂಕ್ ಖಾತೆಯಲ್ಲಿ ಹೆಸರಿನ ಒಂದಕ್ಷರ ವ್ಯತ್ಯಾಸ. ಮೊದಮೊದಲು ಗಂಡನ ಆಧಾರ್ ಕೂಡ ಬೇಕಿತ್ತು. ಗುಳೆ ಹೋಗುವ ಕುಟುಂಬಗಳ ಪಾಡಂತೂ ಕೇಳುವುದೇ ಬೇಡ. ಜಿಲ್ಲಾಡಳಿತದಲ್ಲಿದ್ದ ವರ್ಷಗಳಲ್ಲಿ ಇಂತಹ ಅರ್ಜಿಗಳ ಕಟ್ಟುಗಳನ್ನು ಸಾಕಷ್ಟು ನೋಡಿದ್ದೇನೆ. ‘ದಾಖಲೆ ಅಪೂರ್ಣ’ ಎಂಬ ಷರಾ ಬರೆಯುವುದಕ್ಕೆ ಯಾವ ಅಧಿಕಾರಿಯೂ ಎರಡು ಬಾರಿ ಯೋಚಿಸಬೇಕಿಲ್ಲ.

ಕರ್ನಾಟಕದಲ್ಲಿ 2017ರಲ್ಲಿ ಬಂದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು ಕೊಟ್ಟಿತು. ದಿನವೂ ಅಲ್ಲಿಗೆ ನಡೆದು ಹೋಗುವುದು ತುಂಬು ಗರ್ಭಿಣಿಗೆ ಸುಲಭವಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಆದರೂ 2019–21ರ ಸಮೀಕ್ಷೆಯಂತೆ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಕುಂಠಿತರಾಗಿದ್ದರು; ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 36.2 ಇತ್ತು. ಈ ವೇಗದಲ್ಲಿ ಊಟವೋ ಹಣವೋ ಎಂಬ ವಾದವೇ ವಿಲಾಸ. ಎರಡೂ ಬೇಕು.

ಹುಟ್ಟಿನ ಕ್ರಮದ ನಿರ್ಬಂಧ ತೆಗೆಯಬೇಕು. 2013ರಲ್ಲಿ ನಿಗದಿಯಾದ 6,000 ರೂಪಾಯಿಯನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸಬೇಕು. ನೋಂದಣಿ ತವರಿನಲ್ಲಾದರೂ, ಗಂಡನ ಮನೆಯಲ್ಲಾದರೂ ಒಂದೇ ಎಂದಾಗಬೇಕು. ಲಸಿಕೆಯ ದಿನ ಆರೋಗ್ಯ ಸಹಾಯಕಿ ಊರಿಗೆ ಬಾರದಿದ್ದರೆ ತಾಯಿಯ ಕಂತನ್ನು ತಡೆಯುವಂತಿಲ್ಲ ಎಂಬ ಒಂದು ಸಾಲನ್ನೂ ಆದೇಶದಲ್ಲಿ ಸೇರಿಸಬೇಕು.