ಅಮ್ಮನ ಬೆರಳು ಮತ್ತು ಆರದ ಉರಿ

"ಬೆಳಿಗ್ಗೆ ಎದ್ರೆ ಒಂದು ಗಂಟೆ ಬೆರಳು ಮಡಚೋಕೇ ಆಗಲ್ಲ ಕಣೋ" ಅಂತ ಅಮ್ಮ ಫೋನಿನಲ್ಲಿ ಹೇಳಿದಾಗ ನಾನು ಆಫೀಸಿನಲ್ಲಿದ್ದೆ. "ವಯಸ್ಸಾಯ್ತಲ್ಲಮ್ಮ, ಮುಲಾಮು ಹಚ್ಕೋ" ಅಂದು ಇಟ್ಟುಬಿಟ್ಟೆ. ಹೀಗೇ ಎಂಟು ತಿಂಗಳು. ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಪರೀಕ್ಷೆ ಮಾಡಿಸಿದರೆ ರುಮಟಾಯ್ಡ್ ಆರ್ಥ್ರೈಟಿಸ್. ಎಕ್ಸ್‌ರೇಯಲ್ಲಿ ಎರಡು ಬೆರಳಿನ ಕೀಲುಗಳ ಮೂಳೆಯಂಚು ಆಗಲೇ ಕೊರೆದುಹೋಗಿತ್ತು.

"ಇದು ವಯಸ್ಸಿನ ಸವೆತ ಅಲ್ಲ, ಆರದೇ ಉಳಿದ ಉರಿಯೂತ" ಅಂದರು ಡಾಕ್ಟರು. ಆ 'ಆರದೇ' ಅನ್ನೋ ಮಾತು ತಲೆಯಲ್ಲಿ ಕೂತಿತು.

ಗಾಯವಾದಾಗ ಊದಿ ಕೆಂಪಾಗೋದು ದೇಹದ ರಕ್ಷಣೆ, ಆಮೇಲೆ ತಾನಾಗಿ ಇಳಿಯುತ್ತೆ ಅಂದುಕೊಂಡಿದ್ದೆ. ತಾನಾಗಿ ಅಲ್ಲ, ಜೀವಕೋಶಗಳು ದುಡಿದು ಆರಿಸಬೇಕು. ಅಪಾಯದ ಸುದ್ದಿ ಬಂದಾಗ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಕೋಶಕೇಂದ್ರಕ್ಕೆ ನುಗ್ಗಿ ಉರಿಯೂತದ ಜೀನ್‌ಗಳನ್ನು ಎಬ್ಬಿಸುತ್ತದೆ. ತಮಾಷೆ ಅಂದರೆ, ಜೊತೆಯಲ್ಲೇ ತನಗೆ ಮೂಗುದಾರ ಹಾಕುವವರನ್ನೂ ಎಬ್ಬಿಸುತ್ತದೆ! ಅವರಲ್ಲಿ ಒಬ್ಬ ಐ-ಕಪ್ಪಾ-ಬಿ. ಎನ್‌ಎಫ್-ಕಪ್ಪಾ-ಬಿಯನ್ನು ಹಿಡಿದು ಕೇಂದ್ರದಿಂದ ಹೊರಗೆ ಎಳೆದು ತರುತ್ತಾನೆ. ಇನ್ನೊಬ್ಬ ಎ20. ಸುದ್ದಿ ಸಾಗಿಸುವ ಪ್ರೋಟೀನ್‌ಗಳಿಗೆ ಅಂಟಿರುವ ಯುಬಿಕ್ವಿಟಿನ್ ಎಂಬ ಚೀಟಿ ಕಿತ್ತು, ಸುದ್ದಿಯನ್ನೇ ದಾರಿಯಲ್ಲಿ ತಡೆಯುತ್ತಾನೆ.

ಎ20 ಇಲ್ಲದಿದ್ದರೆ? ಅಂಥ ಇಲಿಗಳ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಹಲವು ಅಂಗಗಳು ಉರಿಯೂತದಿಂದ ಹಾಳಾಗಿ ಅವು ಎಳೆಯ ವಯಸ್ಸಿನಲ್ಲೇ ಸತ್ತವು. ಮನುಷ್ಯರಲ್ಲೂ ಎ20 ಜೀನಿನ ಆಸುಪಾಸಿನ ವ್ಯತ್ಯಾಸಗಳಿಗೂ ರುಮಟಾಯ್ಡ್‌ಗೂ ನಂಟಿದೆ. ಅಮ್ಮನಿಗೆ ಅದರಿಂದಲೇ ಬಂತು ಅಂತಲ್ಲ. ಈ ಕಾಯಿಲೆಗೆ ಕಾರಣ ಒಂದೇ ಅಲ್ಲ.

ಕೀಲಿನೊಳಗೆ ಉರಿ ಹೀಗೆ ಉಳಿದುಬಿಟ್ಟರೆ ಮೂಳೆ ಕರಗಿಸುವ ಕೋಶಗಳು ಮಿತಿಮೀರಿ ಕೆಲಸಕ್ಕಿಳಿಯುತ್ತವೆ. ನಾನು ಹೇಳಿದ ಮುಲಾಮು, ಅಮ್ಮ ನುಂಗಿದ ಮಾತ್ರೆ ನೋವನ್ನಷ್ಟೇ ಇಳಿಸಿದ್ದವು. ಒಳಗೆ ಕೊರೆತ ನಡೆದೇ ಇತ್ತು. ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ, ಕೀಲು ಊದಿಕೊಂಡು, ವಾರಗಟ್ಟಲೆ ಇಳಿಯದಿದ್ದರೆ ರುಮಟಾಲಜಿಸ್ಟ್ ಹತ್ತಿರ ಹೋಗಬೇಕು. ಇಷ್ಟು ಗೊತ್ತಿದ್ದಿದ್ದರೆ ಆ ಎಂಟು ತಿಂಗಳು ಉಳೀತಿತ್ತು.

ಈಗ ಅಮ್ಮ ಮೆಥೊಟ್ರೆಕ್ಸೇಟ್ ತಗೋತಾಳೆ. ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ, ಹಾಗಾಗಿ ಪ್ರತಿ ಭಾನುವಾರ ನಾನೇ ಫೋನ್ ಮಾಡಿ ನೆನಪಿಸ್ತೀನಿ. ಆಗಾಗ ರಕ್ತಪರೀಕ್ಷೆಯೂ ಉಂಟು.

ಮೊನ್ನೆ ಅವಳೇ ಮೊದಲು ಫೋನ್ ಮಾಡಿದಳು. "ಇವತ್ತು ಚಪಾತಿ ಹಿಟ್ಟು ನಾನೇ ನಾದಿದೆ ಕಣೋ." ಆ ಎರಡು ಬೆರಳು ಮಾತ್ರ ಇನ್ನೂ ಪೂರ್ತಿ ನೆಟ್ಟಗಾಗಲ್ಲ.