ಕ್ಷೇಮವಾಗಿ ಮನೆ ಸೇರಲೆಂದು ಹುಟ್ಟಿದ ಸಂಗೀತ

ತಡರಾತ್ರಿಯಾದರೂ ಮಕ್ಕಳು ಮನೆಗೆ ಬಾರದಿದ್ದರೆ ತಂದೆ-ತಾಯಿಯರಿಗೆ ನಿದ್ದೆ ಹತ್ತುವುದಿಲ್ಲ. ಈ ಆತಂಕಕ್ಕೆ ದೇಶ, ಭಾಷೆಗಳ ಗಡಿಯಿಲ್ಲ. 1990ರ ದಶಕದ ಆರಂಭದಲ್ಲಿ ಇಟಲಿಯ ಎಷ್ಟೋ ಮನೆಗಳಲ್ಲಿ ಪ್ರತಿ ಶನಿವಾರ ರಾತ್ರಿಯೂ ಇದೇ ಕಥೆ. ಡಿಸ್ಕೋಗಳಲ್ಲಿ ಬೆಳಗಿನ ಜಾವದವರೆಗೆ ಕುಣಿದ ಯುವಕರು ದಣಿದ ಮೈಯಲ್ಲಿ, ಕೆಲವೊಮ್ಮೆ ಅಮಲಿನಲ್ಲಿ, ಕಾರು ಓಡಿಸಿ ರಸ್ತೆಯಲ್ಲೇ ಪ್ರಾಣ ಬಿಡುತ್ತಿದ್ದರು. ಅಲ್ಲಿನ ಪತ್ರಿಕೆಗಳು ಇದನ್ನು 'ಶನಿವಾರ ರಾತ್ರಿಯ ನರಮೇಧ' ಎಂದೇ ಕರೆದವು.

ಈ ಸಾವುಗಳಿಂದ ಕಳವಳಗೊಂಡವರಲ್ಲಿ ರಾಬರ್ಟ್ ಮೈಲ್ಸ್ ಎಂಬ ಡಿಜೆಯೂ ಒಬ್ಬ. ಕ್ಲಬ್ಬುಗಳಲ್ಲಿ ಧ್ವನಿಮುದ್ರಿಕೆಗಳನ್ನು ಒಂದಕ್ಕೊಂದು ಬೆಸೆದು ನುಡಿಸುವವನೇ ಡಿಜೆ. ಆತನ ನಿಜವಾದ ಹೆಸರು ರೊಬೆರ್ಟೊ ಕೊಂಚಿನಾ. 1969ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇಟಲಿಯ ದಂಪತಿಗೆ ಹುಟ್ಟಿದ ಆತ ಬಾಲ್ಯದಲ್ಲೇ ಪಿಯಾನೋ ಕಲಿತಿದ್ದ. ಜನರನ್ನು ಕುಣಿಸಿದವನೇ ಅವರನ್ನು ಶಾಂತಗೊಳಿಸಿಯೂ ಕಳಿಸಬೇಕು ಎಂಬುದು ಆತನ ಯೋಚನೆ. ರಾತ್ರಿಯ ಕೊನೆಯಲ್ಲಿ ನುಡಿಸಲು ತಕ್ಕ ಸಂಗೀತವನ್ನು ಆತ ರಚಿಸಿದ. ಅದೇ 1995ರಲ್ಲಿ ಹೊರಬಂದ 'ಚಿಲ್ಡ್ರನ್'.

ಈ ಹೆಸರಿನ ಹಿಂದೆ ಇನ್ನೊಂದು ನೋವಿದೆ. ಆತನ ತಂದೆ ಪರಿಹಾರ ಕಾರ್ಯಕ್ಕೆಂದು ಯುದ್ಧಪೀಡಿತ ಯುಗೋಸ್ಲಾವಿಯಾಕ್ಕೆ ಹೋಗಿದ್ದರು. ಮರಳಿ ಬರುವಾಗ ಅಲ್ಲಿನ ನೊಂದ ಮಕ್ಕಳ ಛಾಯಾಚಿತ್ರಗಳನ್ನು ತಂದರು. ಅವು ಮಗನ ಮನ ಕಲಕಿದವು.

ಲಯದ ಲೆಕ್ಕ

ಟ್ರಾನ್ಸ್ ಎಂಬ ಈ ಬಗೆಯ ಸಂಗೀತದಲ್ಲಿ ತಾಳವೇ ಪ್ರಧಾನ. 'ಚಿಲ್ಡ್ರನ್'ನಲ್ಲಿ ನಿಮಿಷಕ್ಕೆ ಸುಮಾರು 137 ಬಡಿತಗಳಿವೆ. ಎಂದರೆ, ಒಂದು ಬಡಿತಕ್ಕೂ ಮತ್ತೊಂದಕ್ಕೂ ನಡುವೆ ಅರ್ಧ ಸೆಕೆಂಡಿಗಿಂತಲೂ ಕಡಿಮೆ ಅಂತರ! ವಿಶ್ರಾಂತಿಯಲ್ಲಿರುವ ಮನುಷ್ಯನ ಹೃದಯ ನಿಮಿಷಕ್ಕೆ 72 ಬಾರಿ ಬಡಿಯುತ್ತದೆ ಎಂದುಕೊಂಡರೆ, ಇದು ಹೆಚ್ಚುಕಡಿಮೆ ಅದರ ಇಮ್ಮಡಿ.

ಹಾಗಿದ್ದರೆ ಇದು ಶಾಂತವೆನಿಸುವುದು ಹೇಗೆ? ತಾಳ ಓಡುತ್ತಿದ್ದರೂ ಅದರ ಮೇಲೆ ತೇಲುವ ಪಿಯಾನೋದ ಸ್ವರಗಳಿಗೆ ಆತುರವಿಲ್ಲ. ಪುಟ್ಟದೊಂದು ಸ್ವರಗುಚ್ಛ ಮತ್ತೆ ಮತ್ತೆ ಬರುತ್ತದೆ. ಹಾಡುವ ಮಾತೇ ಇಲ್ಲ. ಜೊತೆಗೆ ಪ್ರತಿಧ್ವನಿಯ ಮೋಡಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 17 ಮೀಟರ್ ದೂರದ ಗೋಡೆಗೆ ತಗುಲಿ ಮರಳಲು ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಗೋಡೆಯೇ ಇಲ್ಲದೆ ಎಲೆಕ್ಟ್ರಾನಿಕ್ ಉಪಕರಣವೂ ಇದನ್ನು ಮಾಡಬಲ್ಲದು. ಶಬ್ದವನ್ನು ಅಂಕಿಗಳ ರೂಪದಲ್ಲಿ ನೆನಪಿಟ್ಟುಕೊಂಡು, ಕ್ಷಣ ತಡೆದು, ತುಸು ಮೆಲ್ಲಗೆ ಮತ್ತೆ ನುಡಿಸುತ್ತದೆ. ಪುಟ್ಟ ಕೋಣೆಯಲ್ಲಿ ಕುಳಿತು ಕೇಳಿದರೂ ವಿಶಾಲ ಸಭಾಂಗಣದಲ್ಲಿರುವ ಭಾವನೆ ಮೂಡುತ್ತದೆ.

1996ರಲ್ಲಿ 'ಚಿಲ್ಡ್ರನ್' ಇಟಲಿ, ಜರ್ಮನಿ, ಫ್ರಾನ್ಸ್ ಮುಂತಾದ ದೇಶಗಳ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಬ್ರಿಟನ್ನಿನಲ್ಲಿ ಎರಡನೇ ಸ್ಥಾನ. 1997ರಲ್ಲಿ ಮೈಲ್ಸ್‌ಗೆ ಬ್ರಿಟ್ ಪ್ರಶಸ್ತಿಯೂ ಬಂತು. ಪಿಯಾನೋ ಪ್ರಧಾನವಾದ ಈ ಶೈಲಿಗೆ 'ಡ್ರೀಮ್' ಸಂಗೀತ ಎಂಬ ಹೆಸರೇ ಬಿತ್ತು.

ಗೆದ್ದ ದಾರಿಯಲ್ಲೇ ಆತ ನಿಲ್ಲಲಿಲ್ಲ. 2004ರಲ್ಲಿ ಮುಂಬೈ ಮೂಲದ ತಾಳವಾದ್ಯಗಾರ ತ್ರಿಲೋಕ್ ಗುರ್ಟು ಅವರೊಡನೆ ಒಂದು ಆಲ್ಬಂ ಹೊರತಂದ. ತ್ರಿಲೋಕ್ ಅವರ ತಾಯಿ, ಠುಮ್ರಿ ಗಾಯಕಿ ಶೋಭಾ ಗುರ್ಟು ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ! 2017ರ ಮೇ 9ರಂದು, 47ನೇ ವಯಸ್ಸಿನಲ್ಲಿ, ಮೈಲ್ಸ್ ಕ್ಯಾನ್ಸರ್‌ನಿಂದ ನಿಧನ ಹೊಂದಿದ.

ಎರಡು ಸೆಕೆಂಡುಗಳ ತೂಕಡಿಕೆ

ಸಂಗೀತ ಮನಸ್ಸನ್ನು ತಣಿಸಬಹುದು. ಆದರೆ ದಣಿದ ಮಿದುಳಿಗೆ ನಿದ್ದೆಯೊಂದೇ ಮದ್ದು. ಗಂಟೆಗೆ 90 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 25 ಮೀಟರ್ ಸಾಗುತ್ತದೆ. ಚಾಲಕ ಎರಡೇ ಸೆಕೆಂಡು ತೂಕಡಿಸಿದರೂ ಅದು 50 ಮೀಟರ್ ದೂರ ಹಿಡಿತವಿಲ್ಲದೆ ಓಡಿರುತ್ತದೆ. ಈ ಸರಳ ಗುಣಾಕಾರವನ್ನು ಪ್ರತಿ ವಿದ್ಯಾರ್ಥಿಯೂ ವಾಹನದ ಕೀಲಿಕೈ ಹಿಡಿಯುವ ಮುನ್ನ ಒಮ್ಮೆ ಮಾಡಿ ನೋಡಬೇಕು. ಮನೆಯಲ್ಲಿ ದೀಪ ಆರಿಸದೆ ಕಾಯುವವರಿಗೆ ಅದಕ್ಕಿಂತ ದೊಡ್ಡ ಸಮಾಧಾನವಿಲ್ಲ.